ಕಪ್ಪು ಪರದೆಯ ಮೇಲೊಂದು ಗಾಣ

ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನನ್ನ ವಯಸ್ಸಿನವರಿಗೆ ಒಂದು ಪ್ರಶ್ನೆ ಕೇಳಿ ನೋಡಿ. ‘ನೀನು ದಿನಾ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಒಂದನ್ನಾದರೂ ನೀನೇ ಮಾಡಿದ್ದೀಯಾ?’ ಹತ್ತರಲ್ಲಿ ಒಂಬತ್ತು ಜನ ‘ಇಲ್ಲ’ ಎನ್ನುತ್ತಾರೆ. ಬಡಿಗತನ ಕಲಿಯುವ ಹುಡುಗ ತನ್ನ ಉಳಿಗೆ ತಾನೇ ಹಿಡಿಕೆ ಹಾಕಿಕೊಳ್ಳುತ್ತಾನೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗರಿಗೆ ಮಗ್ಗದ ಯಾವ ಭಾಗ ಯಾವುದನ್ನು ಎಳೆಯುತ್ತದೆ ಎಂಬುದು ಶಾಲೆಗೆ ಹೋಗುವ ಮೊದಲೇ ಗೊತ್ತಿರುತ್ತದೆ. ನಾಲ್ಕು ವರ್ಷ ಬಿ.ಇ. ಓದಿ ‘ಎಂಜಿನಿಯರ್’ ಎನಿಸಿಕೊಳ್ಳುವ ನಮಗೆ ಮಾತ್ರ ನಮ್ಮ ಉಪಕರಣದ ಒಳಗೇನಿದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂಬ ಸಂಕೋಚವೂ ಇರುವುದಿಲ್ಲ.

ಈ ಮಾತನ್ನು ಹೇಳಲು ಕಾರಣವಿದೆ. ಕಳೆದ ಎರಡು ಸೆಮಿಸ್ಟರ್‌ಗಳಿಂದ ನಾನೊಂದು ಶೆಲ್ ಬರೆಯುತ್ತಿದ್ದೇನೆ. ಯಾವ ಪರೀಕ್ಷೆಗೂ ಅಲ್ಲ, ಯಾವ ಅಂಕಕ್ಕೂ ಅಲ್ಲ. ಅದಕ್ಕೆ ‘ಗಾಣ’ ಎಂದು ಹೆಸರಿಟ್ಟಿದ್ದೇನೆ. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದವನು ಬೇರೆ ಏನು ಹೆಸರಿಟ್ಟಾನು? ಹಾಸ್ಟೆಲ್ ರೂಮಿನ ಗೆಳೆಯರ ಮೊದಲ ಪ್ರಶ್ನೆ, ‘ಲೇ, ಬ್ಯಾಷ್ ಐತಲ್ಲ, ಮತ್ಯಾಕ ಇನ್ನೊಂದು?’ ಒಬ್ಬ ಹಿರಿಯ ಉಪನ್ಯಾಸಕರು ಪ್ರೀತಿಯಿಂದಲೇ ಹೇಳಿದರು, ‘ಇದನ್ನ ಇಂಟರ್‌ವ್ಯೂದಾಗ ಕೇಳಂಗಿಲ್ಲಪ್ಪ.’ ಇಬ್ಬರಿಗೂ ಉತ್ತರ ಕೊಡುವುದಕ್ಕಾಗಿ ಈ ಬರಹ. ನನ್ನ ವಾದ ಇಷ್ಟೇ: ಎಂಜಿನಿಯರಿಂಗ್ ವಿದ್ಯಾರ್ಥಿ ಓದು ಮುಗಿಸುವುದರೊಳಗೆ ಒಂದು ಉಪಕರಣವನ್ನು ಬುಡದಿಂದ ಕಟ್ಟಬೇಕು. ಕಟ್ಟುವುದಾದರೆ ಶೆಲ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ. ಅದರಲ್ಲೂ ಫಂಕ್ಷನಲ್ ಪ್ರೋಗ್ರಾಮಿಂಗ್‌ನ ವಿಚಾರಗಳನ್ನು ಬೆರೆಸಿ ಕಟ್ಟಿದರೆ, ಪಠ್ಯಪುಸ್ತಕ ಬಿಡಿಬಿಡಿಯಾಗಿ ಕಲಿಸುವುದೆಲ್ಲ ಒಂದೇ ಕಡೆ ಕೂಡಿಕೊಳ್ಳುತ್ತದೆ.

ಶೆಲ್ ಎಂದರೇನು?

ಕಂಪ್ಯೂಟರ್ ಓದದವರಿಗೂ ತಿಳಿಯುವಂತೆ ಹೇಳುತ್ತೇನೆ. ಸಿನಿಮಾದಲ್ಲಿ ಹ್ಯಾಕರ್‌ಗಳ ಮುಂದೆ ಕಾಣುವ ಕಪ್ಪು ಪರದೆ ಇದೆಯಲ್ಲ, ಅದರಲ್ಲಿ ನಾವು ಟೈಪ್ ಮಾಡಿದ ಆದೇಶವನ್ನು ಓದಿ, ಅರ್ಥ ಮಾಡಿಕೊಂಡು, ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಪ್ರೋಗ್ರಾಮೇ ಶೆಲ್. ಮೌಸ್ ಬರುವ ಮೊದಲು ಎಲ್ಲರೂ ಬಳಸುತ್ತಿದ್ದುದು ಇದನ್ನೇ. ಇವತ್ತಿಗೂ ಜಗತ್ತಿನ ಸರ್ವರ್‌ಗಳನ್ನು ನೋಡಿಕೊಳ್ಳುವವರು ಬಳಸುವುದು ಇದನ್ನೇ.

‘ಶೆಲ್’ ಎಂಬ ಹೆಸರು ಕೊಟ್ಟವರು ಫ್ರಾನ್ಸ್‌ನ ಲೂಯಿ ಪೂಜಾಂ, 1960ರ ದಶಕದ ಮಧ್ಯದಲ್ಲಿ, ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ. 1971ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯುನಿಕ್ಸ್‌ನ ಮೊದಲ ಶೆಲ್ ಬರೆದರು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು. ಅದೇ ಸಂಪ್ರದಾಯದಲ್ಲಿ 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಷ್ ಇಂದಿಗೂ ನಮ್ಮ ಲ್ಯಾಬ್‌ನ ಪ್ರತಿ ಲಿನಕ್ಸ್ ಕಂಪ್ಯೂಟರಿನಲ್ಲಿದೆ. ಅಂದರೆ ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು ಬರೆದ ಉಪಕರಣವನ್ನೇ ನಾವು ಬಳಸುತ್ತಿದ್ದೇವೆ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ವ್ಯಕ್ತಿ ಡಗ್ಲಸ್ ಮ್ಯಾಕಿಲ್‌ರಾಯ್. 1964ರಷ್ಟು ಹಿಂದೆಯೇ ಅವರು ಒಂದು ಟಿಪ್ಪಣಿಯಲ್ಲಿ, ತೋಟಕ್ಕೆ ನೀರು ಹಾಯಿಸುವ ಪೈಪುಗಳನ್ನು ಒಂದಕ್ಕೊಂದು ಜೋಡಿಸುವಂತೆ ಪ್ರೋಗ್ರಾಮ್‌ಗಳನ್ನೂ ಜೋಡಿಸುವಂತಿರಬೇಕು ಎಂದು ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಅಳವಡಿಸಿದರು. ಅದೇ ಪೈಪ್, ಕೀಬೋರ್ಡ್ ಮೇಲಿನ ನೆಟ್ಟಗಿನ ಗೆರೆ. ಒಂದು ಪ್ರೋಗ್ರಾಮ್‌ನಿಂದ ಹೊರಬಂದದ್ದು ಮುಂದಿನದಕ್ಕೆ ಒಳಗೆ ಹೋಗುತ್ತದೆ.

ನಮ್ಮೂರ ಕಡೆ ಬೆಳೆದವರಿಗೆ ಇದು ಹೊಸದೇ ಅಲ್ಲ. ಗಾಣಕ್ಕೆ ಕಬ್ಬು ಕೊಟ್ಟರೆ ಹಾಲು ಬರುತ್ತದೆ. ಹಾಲು ಸೋಸಿ ಕೊಪ್ಪರಿಗೆಗೆ ಹೋಗುತ್ತದೆ. ಕುದ್ದು ಪಾಕವಾಗುತ್ತದೆ. ಪಾಕ ಅಚ್ಚಿಗೆ ಬಿದ್ದು ಬೆಲ್ಲದ ಪೆಂಟಿಯಾಗುತ್ತದೆ. ಕೊಪ್ಪರಿಗೆಯ ಹತ್ತಿರ ನಿಂತವನಿಗೆ ಕಬ್ಬು ಯಾರ ಹೊಲದ್ದು ಎಂಬುದು ಗೊತ್ತಿರಬೇಕಿಲ್ಲ, ಅವನಿಗೆ ಬೇಕಿರುವುದು ಹಾಲು. ಎಲ್ಲ ಹಂತಗಳೂ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಕೊಪ್ಪರಿಗೆ ತುಂಬಿದರೆ ಗಾಣ ನಿಲ್ಲಿಸುತ್ತಾರೆ. ಲಿನಕ್ಸ್‌ನ ಪೈಪ್ ಕೂಡ ಹಾಗೆಯೇ. ಅದರಲ್ಲಿ ಸಾಮಾನ್ಯವಾಗಿ 64 ಕಿಲೋಬೈಟ್‌ನಷ್ಟು ಜಾಗವಿರುತ್ತದೆ. ತುಂಬಿದರೆ ಹಿಂದಿನ ಪ್ರೋಗ್ರಾಮ್ ಕಾಯುತ್ತದೆ. ಖಾಲಿಯಾದರೆ ಮುಂದಿನದು ಕಾಯುತ್ತದೆ.

ಪಿಯುಸಿ ಗಣಿತದ ಫಂಕ್ಷನ್

ಇನ್ನು ಫಂಕ್ಷನಲ್ ಪ್ರೋಗ್ರಾಮಿಂಗ್. ಹೆಸರು ಕೇಳಿ ಹೆದರಬೇಡಿ. ಪಿಯುಸಿ ಗಣಿತದಲ್ಲಿ ಸೈನ್ 30 ಡಿಗ್ರಿ ಎಂದರೆ ಅರ್ಧ. ಬೆಳಿಗ್ಗೆ ಕೇಳಿದರೂ ಅರ್ಧ, ರಾತ್ರಿ ಕೇಳಿದರೂ ಅರ್ಧ. ಜಮಖಂಡಿಯಲ್ಲಿ ಅರ್ಧವಾಗಿದ್ದು ಮುಧೋಳದಲ್ಲಿ ಕಾಲು ಆಗುವುದಿಲ್ಲ. ಒಂದೇ ಬೆಲೆ ಕೊಟ್ಟರೆ ಒಂದೇ ಉತ್ತರ, ನಡುವೆ ಬೇರೆ ಯಾವುದನ್ನೂ ಕೆಡಿಸುವುದಿಲ್ಲ. ಪ್ರೋಗ್ರಾಮನ್ನೂ ಆದಷ್ಟು ಇಂಥ ಫಂಕ್ಷನ್‌ಗಳಿಂದಲೇ ಕಟ್ಟಬೇಕು ಎಂಬುದೇ ಈ ಪದ್ಧತಿಯ ತಿರುಳು. ಇದರ ಬೇರು 1930ರ ದಶಕದಲ್ಲಿ ಅಲಾಂಜೊ ಚರ್ಚ್ ಎಂಬ ಗಣಿತಜ್ಞ ರೂಪಿಸಿದ ಲ್ಯಾಮ್ಡಾ ಕ್ಯಾಲ್ಕ್ಯುಲಸ್‌ನಲ್ಲಿದೆ. ಜಾನ್ ಮೆಕಾರ್ಥಿ ಅವರ ಲಿಸ್ಪ್ ಭಾಷೆ ಅದನ್ನು ಕಂಪ್ಯೂಟರಿಗೆ ತಂದಿತು. ಫೋರ್ಟ್ರಾನ್ ಭಾಷೆ ಮಾಡಿದ ಜಾನ್ ಬ್ಯಾಕಸ್ ಅವರೇ 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ, ತಾವು ಬೆಳೆಸಿದ ಹಳೆಯ ಪದ್ಧತಿಯಿಂದ ಹೊರಬರಬೇಕೆಂದೂ ಫಂಕ್ಷನಲ್ ಶೈಲಿಯೇ ದಾರಿಯೆಂದೂ ವಾದಿಸಿದರು.

ಇದು ಬರೀ ಪುಸ್ತಕದ ಬದನೆಕಾಯಿ ಎಂದುಕೊಳ್ಳಬೇಡಿ. ಅಡತ ಅಂಗಡಿಯ ಗುಮಾಸ್ತರು ಬಳಸುವ ಎಕ್ಸೆಲ್ ಸೂತ್ರಗಳು ಹೆಚ್ಚುಕಡಿಮೆ ಇದೇ ಶೈಲಿಯವು. ವಾಟ್ಸ್‌ಆ್ಯಪ್‌ನ ಸರ್ವರ್‌ಗಳು ಎರ್ಲಾಂಗ್ ಎಂಬ ಫಂಕ್ಷನಲ್ ಭಾಷೆಯ ಮೇಲೆ ಬೆಳೆದವು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಬೆಂಗಳೂರಿನ ‘ನಮ್ಮ ಯಾತ್ರಿ’ ನೋಡಿ. 2022ರ ನವೆಂಬರ್‌ನಲ್ಲಿ ಆಟೊ ಚಾಲಕರಿಗಾಗಿ ಶುರುವಾದ ಈ ಆ್ಯಪ್‌ನ ಹಿಂಬದಿಯ ಪ್ರೋಗ್ರಾಮ್ ಇರುವುದು ಹ್ಯಾಸ್ಕೆಲ್ ಭಾಷೆಯಲ್ಲಿ. ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ, ಯಾರು ಬೇಕಾದರೂ ತೆರೆದು ಓದಬಹುದು. ‘ಇಂಟರ್‌ವ್ಯೂದಾಗ ಕೇಳಂಗಿಲ್ಲ’ ಎನ್ನುವ ಭಾಷೆಯೊಂದು ನಮ್ಮ ರಾಜಧಾನಿಯ ಆಟೊಗಳನ್ನು ಓಡಿಸುತ್ತಿದೆ!

ಹಳೆಯ ಶೆಲ್‌ಗಳ ತೊಂದರೆ ಏನು?

ಪೈಪ್ ನಿಜಕ್ಕೂ ಫಂಕ್ಷನ್‌ಗಳನ್ನು ಜೋಡಿಸುವ ವಿಧಾನವೇ. ಆದರೆ ಬ್ಯಾಷ್ ಆ ದಾರಿಯಲ್ಲಿ ಅರ್ಧಕ್ಕೇ ನಿಂತಿದೆ. ಅಲ್ಲಿ ಎಲ್ಲವೂ ಬರೀ ಪಠ್ಯ. ಸಂಖ್ಯೆ, ದಿನಾಂಕ, ಕಡತದ ಹೆಸರು ಎಲ್ಲವೂ ಅಕ್ಷರಗಳ ಸಾಲು. ಕಡತದ ಹೆಸರಿನ ನಡುವೆ ಒಂದು ಖಾಲಿ ಜಾಗ ಬಂದರೆ ಸಾಕು, ಒಂದು ಹೆಸರು ಎರಡಾಗಿ ಒಡೆಯುತ್ತದೆ. ಹೆಸರೇ ಇಡದ ವೇರಿಯಬಲ್ ಕೇಳಿದರೆ ‘ಇಲ್ಲ’ ಎನ್ನುವ ಬದಲು ಸುಮ್ಮನೆ ಖಾಲಿ ಕೊಡುತ್ತದೆ.

ಖಾಲಿ ಕೊಟ್ಟರೆ ಏನಾದೀತು? 2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಒಂದು ದೋಷ ಬೆಳಕಿಗೆ ಬಂತು. ಅದರ ಶೆಲ್ ಸ್ಕ್ರಿಪ್ಟ್‌ನಲ್ಲಿ, ತನ್ನ ಫೋಲ್ಡರ್ ಎಲ್ಲಿದೆ ಎಂಬುದನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಅದರ ಮುಂದೆ ಒಂದು ಓರೆಗೆರೆ ಸೇರಿಸಿ, ಅದರೊಳಗಿನದ್ದನ್ನೆಲ್ಲ ಅಳಿಸು ಎಂಬ ಸಾಲಿತ್ತು. ಕೆಲವು ಸಂದರ್ಭಗಳಲ್ಲಿ ಆ ವೇರಿಯಬಲ್ ಖಾಲಿಯಾಗುತ್ತಿತ್ತು. ಆಗ ಉಳಿಯುವುದು ಓರೆಗೆರೆ ಮಾತ್ರ. ಲಿನಕ್ಸ್‌ನಲ್ಲಿ ಬರೀ ಓರೆಗೆರೆ ಎಂದರೆ ಇಡೀ ಕಂಪ್ಯೂಟರಿನ ಬೇರು. ಬಳಕೆದಾರರ ಸ್ವಂತ ಕಡತಗಳೆಲ್ಲ ಅಳಿಸಿಹೋದವು. ಆ ಸಾಲಿನ ಹತ್ತಿರ ಬರೆದವರೇ ‘ಭಯಂಕರ!’ ಎಂಬರ್ಥದ ಟಿಪ್ಪಣಿಯನ್ನೂ ಹಾಕಿದ್ದರು. ಭಯ ಅವರಿಗೂ ಇತ್ತು. ಆದರೆ ಭಾಷೆ ಅವರನ್ನು ತಡೆಯಲಿಲ್ಲ.

ಅದಕ್ಕೂ ಮೊದಲು, 2014ರ ಸೆಪ್ಟೆಂಬರ್‌ನಲ್ಲಿ ‘ಶೆಲ್‌ಶಾಕ್’ ಬಂದಿತ್ತು. ಬ್ಯಾಷ್‌ನಲ್ಲಿ ಒಂದು ಫಂಕ್ಷನನ್ನು ಇನ್ನೊಂದು ಬ್ಯಾಷ್‌ಗೆ ದಾಟಿಸಬೇಕಾದರೆ ಅದನ್ನು ಬರೀ ಪಠ್ಯವಾಗಿ ಕಳಿಸಲಾಗುತ್ತಿತ್ತು. ಆ ಕಡೆಯ ಬ್ಯಾಷ್ ಫಂಕ್ಷನ್ ಎಲ್ಲಿ ಮುಗಿಯಿತು ಎಂಬುದನ್ನು ನೋಡಿ ನಿಲ್ಲದೆ, ಅದರ ಬಾಲಕ್ಕೆ ಅಂಟಿಸಿದ ಆದೇಶವನ್ನೂ ನಡೆಸಿಬಿಡುತ್ತಿತ್ತು. ಹಾಗಾಗಿ ದೂರದಲ್ಲಿ ಕುಳಿತ ಅಪರಿಚಿತರು ವೆಬ್ ಸರ್ವರ್‌ಗಳಲ್ಲಿ ತಮಗೆ ಬೇಕಾದ ಆದೇಶ ನಡೆಸಬಹುದಾಗಿತ್ತು. ಈ ದೋಷ ಸುಮಾರು ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳದೆ ಒಳಗೆ ಕುಳಿತಿತ್ತು.

ಇದನ್ನೆಲ್ಲ ಸರಿಪಡಿಸಲು ಹೊರಟವರಲ್ಲಿ ನಾನೇ ಮೊದಲಿಗನೇನಲ್ಲ. 1993ರಲ್ಲಿ ಪಾಲ್ ಹಾರ್ ಮತ್ತು ಬೈರನ್ ರಕಿಟ್ಜಿಸ್ ‘ಇಎಸ್’ ಎಂಬ ಶೆಲ್ ಮಾಡಿ ಫಂಕ್ಷನ್‌ಗಳನ್ನು ಸಂಖ್ಯೆಗಳಂತೆಯೇ ಕೈಯಿಂದ ಕೈಗೆ ದಾಟಿಸುವಂತೆ ಮಾಡಿದರು. 1994ರಲ್ಲಿ ಒಲಿನ್ ಶಿವರ್ಸ್ ಸ್ಕೀಮ್ ಭಾಷೆಯೊಳಗೇ ಶೆಲ್ ಕಟ್ಟಿದರು. 2006ರಲ್ಲಿ ಜೆಫ್ರಿ ಸ್ನೋವರ್ ರೂಪಿಸಿದ ಮೈಕ್ರೋಸಾಫ್ಟ್‌ನ ಪವರ್‌ಶೆಲ್, ಪೈಪ್‌ನಲ್ಲಿ ಪಠ್ಯದ ಬದಲು ಆಬ್ಜೆಕ್ಟ್‌ಗಳನ್ನು ಹರಿಸಿತು. 2019ರಲ್ಲಿ ಬಂದ ನುಶೆಲ್ ಕೋಷ್ಟಕಗಳನ್ನು ಹರಿಸುತ್ತದೆ. ಇವರೆಲ್ಲರ ಬರಹ, ಮೂಲ ಸಂಕೇತ ಮುಕ್ತವಾಗಿ ಸಿಗುತ್ತವೆ. ಹಳ್ಳಿಯ ಹುಡುಗನಿಗೆ ಇವತ್ತು ಕೊರತೆ ಇರುವುದು ಮಾಹಿತಿಯದಲ್ಲ, ‘ನೀನೂ ಮಾಡಬಹುದು’ ಎನ್ನುವವರದ್ದು.

ಗಾಣದ ಒಳಗೆ

ಶೆಲ್‌ನ ಮೂಲ ಕೆಲಸ ನಿಜಕ್ಕೂ ಸರಳ. ಸಾಲು ಓದು, ತುಂಡು ಮಾಡು, ಫೋರ್ಕ್ ಕರೆದು ತನ್ನದೇ ಪ್ರತಿಯೊಂದನ್ನು ಹುಟ್ಟಿಸು, ಆ ಪ್ರತಿಯನ್ನು ಎಕ್ಸೆಕ್ ಮೂಲಕ ಬೇರೆ ಪ್ರೋಗ್ರಾಮ್ ಆಗಿ ಬದಲಿಸು, ಅದು ಮುಗಿಯುವವರೆಗೆ ವೇಟ್ ಮಾಡು, ಮತ್ತೆ ಸಾಲು ಓದು. ಫೋರ್ಕ್, ಎಕ್ಸೆಕ್, ವೇಟ್ ಈ ಮೂರನ್ನೂ ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬ್‌ನಲ್ಲಿ ಎಲ್ಲರೂ ಬರೆದಿರುತ್ತೇವೆ. ಔಟ್‌ಪುಟ್ ಬಂತು, ರೆಕಾರ್ಡ್‌ಗೆ ಸಹಿ ಬಿತ್ತು, ಮುಗೀತು. ಅದೇ ಮೂರು ಸಾಲು ಒಂದು ಶೆಲ್‌ನ ಎದೆಬಡಿತ ಎಂದು ಯಾರೂ ಹೇಳುವುದಿಲ್ಲ. ಫೋಲ್ಡರ್ ಬದಲಿಸುವ ‘ಸಿಡಿ’ ಆದೇಶ ಶೆಲ್‌ನ ಒಳಗೇ ಏಕಿರಬೇಕು ಎಂದು ವೈವಾದಲ್ಲಿ ಕೇಳಿದರೆ ಬಾಯಿಪಾಠದವರು ತಡವರಿಸುತ್ತಾರೆ. ಸ್ವಂತ ಶೆಲ್ ಬರೆದವನಿಗೆ ಅದು ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ. ಮರಿ ಪ್ರೊಸೆಸ್ ತಾನು ಮನೆ ಬದಲಿಸಿದರೆ ತಾಯಿಯ ಮನೆ ಬದಲಾಗುವುದಿಲ್ಲವಲ್ಲ!

ಈ ಅಡಿಪಾಯದ ಮೇಲೆ ನಾನು ನಾಲ್ಕು ನಿಯಮ ಇಟ್ಟುಕೊಂಡೆ. ಒಂದು, ಒಮ್ಮೆ ಕೊಟ್ಟ ಹೆಸರಿನ ಬೆಲೆ ಬದಲಾಗದು. ಇಲ್ಲದ ಹೆಸರು ಕೇಳಿದರೆ ಗಾಣ ಅಲ್ಲೇ ನಿಲ್ಲುತ್ತದೆ, ಖಾಲಿ ಕೊಡುವುದಿಲ್ಲ. ಎರಡು, ಪೈಪ್‌ನಲ್ಲಿ ಹರಿಯುವುದು ಪಟ್ಟಿ ಮತ್ತು ಕೋಷ್ಟಕ. ಹೆಸರಿನಲ್ಲಿ ಎಷ್ಟು ಖಾಲಿ ಜಾಗವಿದ್ದರೂ ಅದು ಒಂದೇ ವಸ್ತು. ಮೂರು, ಫಂಕ್ಷನ್ ಕೂಡ ಒಂದು ಬೆಲೆ. ಅದನ್ನು ಇನ್ನೊಂದು ಫಂಕ್ಷನ್‌ನ ಕೈಗೆ ಕೊಡಬಹುದು. ನಾಲ್ಕನೆಯದು ನನಗೆ ಬಹಳ ತಲೆ ತಿಂದದ್ದು.

ಶೆಲ್ ಇರುವುದೇ ಏನನ್ನಾದರೂ ಬದಲಿಸಲು. ಕಡತ ಅಳಿಸಬೇಕು, ನಕಲು ಮಾಡಬೇಕು, ಹೆಸರು ಬದಲಿಸಬೇಕು. ಏನನ್ನೂ ಕೆಡಿಸದ ಶುದ್ಧ ಫಂಕ್ಷನ್‌ಗಳಿಂದಲೇ ಶೆಲ್ ಮಾಡುತ್ತೇನೆ ಎಂದರೆ, ನೀರಿಗಿಳಿಯದೆ ಈಜು ಕಲಿಸುತ್ತೇನೆ ಎಂದಂತೆ. ಇದು ಫಂಕ್ಷನಲ್ ಶೆಲ್‌ಗಳ ವಿರುದ್ಧ ಇರುವ ಗಟ್ಟಿಯಾದ ಆಕ್ಷೇಪ, ಮತ್ತು ನ್ಯಾಯವಾದದ್ದು. ಹ್ಯಾಸ್ಕೆಲ್ ಇದಕ್ಕೊಂದು ಉತ್ತರ ಕಂಡುಕೊಂಡಿದೆ: ‘ಮಾಡಬೇಕಾದ ಕೆಲಸ’ವನ್ನೇ ಒಂದು ಬೆಲೆಯಾಗಿ ನೋಡು. ಗಾಣದಲ್ಲಿ ನಾನು ಅನುಸರಿಸಿದ್ದು ಅದನ್ನೇ. ‘ಅಳಿಸು’ ಎಂದರೆ ಅದು ಅಳಿಸುವುದಿಲ್ಲ, ಅಳಿಸಬೇಕಾದವುಗಳ ಪಟ್ಟಿ ಕೊಡುತ್ತದೆ. ಹೀಗೆ:

ಕಡತಗಳು | ಆರಿಸು (ಗಾತ್ರ = 0) | ಅಳಿಸು

ಇಷ್ಟು ಕೊಟ್ಟರೆ ‘ಈ 7 ಕಡತಗಳನ್ನು ಅಳಿಸಬೇಕು’ ಎಂಬ ಯೋಜನೆ ಕಾಣುತ್ತದೆ. ಅದನ್ನು ಎಣಿಸಬಹುದು, ಮತ್ತೆ ಆರಿಸಬಹುದು, ಕಡತದಲ್ಲಿ ಉಳಿಸಿ ಬೇರೆಯವರಿಗೆ ತೋರಿಸಬಹುದು. ಕೊನೆಗೆ ‘ಮಾಡು’ ಎಂದು ಸೇರಿಸಿದಾಗ ಮಾತ್ರ ಕೈ ಕೆಲಸಕ್ಕೆ ಇಳಿಯುತ್ತದೆ. ಯೋಚಿಸುವ ಭಾಗ ಒಂದು ಕಡೆ, ಮಾಡುವ ಭಾಗ ಇನ್ನೊಂದು ಕಡೆ. ಸ್ಟೀಮ್‌ನ ಆ ಸಾಲು ಇಲ್ಲಿ ಎರಡು ಕಡೆ ಸಿಕ್ಕಿಬೀಳುತ್ತಿತ್ತು: ಹೆಸರು ಖಾಲಿಯಿದ್ದಾಗ ಒಮ್ಮೆ, ಯೋಜನೆ ಕಣ್ಣಿಗೆ ಬಿದ್ದಾಗ ಇನ್ನೊಮ್ಮೆ.

ಗಾಣ ಬ್ಯಾಷ್‌ಗೆ ಸಾಟಿಯಲ್ಲ ಎಂಬುದನ್ನೂ ಹೇಳಬೇಕು. ನಡೆಯುತ್ತಿರುವ ಕೆಲಸವನ್ನು ಕಂಟ್ರೋಲ್-ಝಡ್ ಒತ್ತಿ ಬದಿಗಿಡುವುದು ಅದರಲ್ಲಿಲ್ಲ. ದೊಡ್ಡ ಕಡತಗಳಲ್ಲಿ ನಿಧಾನ. ಹಳೆಯ ಯುನಿಕ್ಸ್ ಆದೇಶಗಳು ಪಠ್ಯವನ್ನೇ ಕೊಡುವುದರಿಂದ ಅವುಗಳನ್ನು ಕೋಷ್ಟಕ ಮಾಡಲು ಪ್ರತಿಯೊಂದಕ್ಕೂ ಬೇರೆ ಸೋಸುವ ಬಟ್ಟೆ ಹೊಲಿಯಬೇಕು. ಅಷ್ಟಾದರೂ ಅದರ ಪ್ರತಿ ಸಾಲು ಏಕಿದೆ ಎಂದು ನಾನು ಹೇಳಬಲ್ಲೆ.

ಆರು ಅಕ್ಷರವೋ, ಮೂವತ್ತೋ?

ಆದೇಶಗಳನ್ನು ಕನ್ನಡದಲ್ಲಿಡಬೇಕು ಎಂದು ಹೊರಟಾಗ ಒಂದು ಹೊಸ ಲೋಕವೇ ತೆರೆಯಿತು. ‘ಮಹಾಲಿಂಗಪುರ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಆರು ಎನ್ನುತ್ತದೆ: ಮ, ಹಾ, ಲಿಂ, ಗ, ಪು, ರ. ಯೂನಿಕೋಡ್ ಹತ್ತು ಎನ್ನುತ್ತದೆ, ಏಕೆಂದರೆ ಅದು ದೀರ್ಘ, ಗುಡಿಸು, ಕೊಂಬು, ಅನುಸ್ವಾರಗಳನ್ನು ಬೇರೆ ಬೇರೆ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಹಾಗಾಗಿ ಬೈಟ್ ಎಣಿಸುವ ಹಳೆಯ ಆದೇಶ ಮೂವತ್ತು ಎನ್ನುತ್ತದೆ. ‘ರಾಷ್ಟ್ರ’ ನಮಗೆ ಎರಡೇ ಅಕ್ಷರ. ಯಂತ್ರಕ್ಕೆ ಏಳು ಚಿಹ್ನೆ, ಇಪ್ಪತ್ತೊಂದು ಬೈಟ್. ಬೈಟ್ ಲೆಕ್ಕದಲ್ಲಿ ಸಾಲನ್ನು ಕತ್ತರಿಸಿದರೆ ಅಕ್ಷರ ನಡುವೆ ಒಡೆದು ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ.

ಕನ್ನಡ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಸೇರಿದೆ. ಆದರೂ ‘ಅಕ್ಷರ ಎಂದರೇನು’ ಎಂಬ ಪ್ರಶ್ನೆಯನ್ನು ನಮ್ಮ ಡೇಟಾ ಸ್ಟ್ರಕ್ಚರ್ ತರಗತಿಯಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿ ಅಕ್ಷರ ಎಂದರೆ ಒಂದು ಬೈಟ್. ಆ ವ್ಯಾಖ್ಯೆ ಇಂಗ್ಲಿಷಿಗೆ ಹೊಲಿದ ಅಂಗಿ. ಕೆ.ಪಿ. ರಾವ್ ಅವರಂಥ ಹಿರಿಯರು ಕೀಲಿಮಣೆ ವಿನ್ಯಾಸ ಮಾಡಿ ಕನ್ನಡವನ್ನು ಕಂಪ್ಯೂಟರಿಗೆ ತಂದರು. ಮುಂದಿನ ಕೆಲಸ ನಮ್ಮ ಪೀಳಿಗೆಯದ್ದು. ಉಪಕರಣವನ್ನು ನಾವೇ ಕಟ್ಟದಿದ್ದರೆ ಇಂಥ ಪ್ರಶ್ನೆ ನಮಗೆ ಹೊಳೆಯುವುದೂ ಇಲ್ಲ.

ಕಾಕಾ ಕೇಳಿದ ಪ್ರಶ್ನೆ

‘ಇದರಿಂದ ಏನ್ ಉಪಯೋಗ?’ ಎಂಬ ಪ್ರಶ್ನೆಗೆ ಒಂದು ಸಣ್ಣ ಉದಾಹರಣೆ. ನಮ್ಮ ಕಾಕಾ ಕಳೆದ ಹಂಗಾಮಿನಲ್ಲಿ ಕಬ್ಬು ಕಳಿಸಿದ್ದರು. ಟ್ರ್ಯಾಕ್ಟರ್ ಒಮ್ಮೆ ಹೋದರೆ ಒಂದು ತೂಕದ ಚೀಟಿ. ಅಂಥ 23 ಚೀಟಿಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಬಿಲ್ಲಿನ ಜೊತೆ ಬಂದ ಪಟ್ಟಿಯಲ್ಲಿ ಮೊತ್ತ ಮಾತ್ರ ಯಾಕೋ ಕಡಿಮೆ ಅನ್ನಿಸುತ್ತಿತ್ತು. ಕ್ಯಾಲ್ಕ್ಯುಲೇಟರ್‌ನಲ್ಲಿ ಕೂಡಿಸಿದಾಗ ಒಂದೊಂದು ಸಲ ಒಂದೊಂದು ಉತ್ತರ. ನಾನು ಚೀಟಿಗಳನ್ನೂ ಪಟ್ಟಿಯನ್ನೂ ಎರಡು ಕಡತಗಳಲ್ಲಿ ಟೈಪ್ ಮಾಡಿ, ಗಾಣದಲ್ಲಿ ಒಂದು ಸಾಲು ಬರೆದೆ:

ಚೀಟಿಗಳು | ಆರಿಸು (ಸಂಖ್ಯೆ ಪಟ್ಟಿಯಲ್ಲಿಲ್ಲ)

ಒಂದೇ ಒಂದು ಚೀಟಿ ಉಳಿಯಿತು. ಹತ್ತು ಟನ್ನಿಗೂ ಹೆಚ್ಚು ಕಬ್ಬು, ಮೂವತ್ತು ಸಾವಿರ ರೂಪಾಯಿಗೂ ಮೇಲಿನ ಲೆಕ್ಕ. ಕಾಕಾ ಆ ಚೀಟಿ ಒಯ್ದು ತೋರಿಸಿದರು, ಅವರು ನೋಡಿ ಸರಿಪಡಿಸಿಕೊಟ್ಟರು.

ಇದು ಎಕ್ಸೆಲ್‌ನಲ್ಲೂ ಆಗುತ್ತಿತ್ತು. ಇಪ್ಪತ್ತಮೂರು ಚೀಟಿಯನ್ನು ನೆಲದ ಮೇಲೆ ಹರವಿ ಒಂದೊಂದಾಗಿ ಟಿಕ್ ಹಾಕಿದ್ದರೂ ಆಗುತ್ತಿತ್ತು. ಆದರೆ ಮರುದಿನ ಓಣಿಯ ಇನ್ನೂ ನಾಲ್ಕು ಮನೆಯವರು ಚೀಟಿ ತಂದರು. ಅದೇ ಸಾಲು, ಕಡತ ಮಾತ್ರ ಬೇರೆ. ಮೂರು ಮನೆಯ ಲೆಕ್ಕ ಸರಿಯಿತ್ತು, ನಾಲ್ಕನೆಯವರು ತಾವೇ ಒಂದು ಚೀಟಿ ಕಳೆದುಕೊಂಡಿದ್ದರು. ಅದೇ ಬೆಲೆಗೆ ಅದೇ ಉತ್ತರ ಕೊಡುವ ಸಾಲು ಯಾರ ಮನೆಯದೆಂದು ನೋಡುವುದಿಲ್ಲ. ‘ಹಂಗಾದ್ರ ಇದು ನಂಬಿಗಸ್ಥ ಗುಮಾಸ್ತ ಅನ್ನು’ ಎಂದರು ಕಾಕಾ. ಶುದ್ಧ ಫಂಕ್ಷನ್‌ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಅವರು ಇನ್ನೊಂದು ಮಾತನ್ನೂ ಕೇಳಿದರು. ಆದೇಶ ಕನ್ನಡದಲ್ಲಿದ್ದುದರಿಂದ ಪರದೆಯನ್ನು ತಾವೇ ಓದಿ, ‘ಆರಿಸು ಅಂದಿ, ಆರಿಸಿದ್ದು ತೋರಿಸ್ತು. ಬಿಟ್ಟಿದ್ದು ಎಲ್ಲಿ ಹೋತು? ಗಾಣದಾಗ ಸಿಪ್ಪಿ ಒಗಿಯೂದಿಲ್ಲ ತಮ್ಮಾ, ಒಲಿಗೆ ಹಾಕ್ತಾರ’ ಎಂದರು. ನಾನು ದಂಗಾದೆ. ಹುಡುಕುವ ‘ಗ್ರೆಪ್’ನಂಥ ಹಳೆಯ ಆದೇಶಗಳು ಬಿಟ್ಟದ್ದನ್ನು ಸುಮ್ಮನೆ ಬಿಟ್ಟುಬಿಡುತ್ತವೆ. ಬೇಕಾದದ್ದು, ಬೇಡವಾದದ್ದು ಎರಡನ್ನೂ ಬೇರ್ಪಡಿಸಿ ಕೊಡುವ ಫಂಕ್ಷನ್ ಹ್ಯಾಸ್ಕೆಲ್‌ನಲ್ಲಿ ಮೊದಲಿನಿಂದಲೂ ಇದೆ. ಈಗ ಗಾಣದಲ್ಲಿ ‘ಆರಿಸು’ ಎಂದಾಗ ಎಷ್ಟು ಸಾಲು ಬಿಟ್ಟಿತು ಎಂಬ ಎಣಿಕೆ ಕೆಳಗೆ ಕಾಣುತ್ತದೆ, ‘ಸಿಪ್ಪೆ’ ಎಂದರೆ ಬಿಟ್ಟದ್ದೆಲ್ಲ ಸಿಗುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟ ರೈತರೊಬ್ಬರು ನನ್ನ ಶೆಲ್‌ಗೆ ಒಂದು ಆದೇಶ ಸೇರಿಸಿದರು. ಅದು ಇಂಗ್ಲಿಷಿನಲ್ಲಿದ್ದಿದ್ದರೆ ಆ ಪ್ರಶ್ನೆ ಬರುತ್ತಲೇ ಇರಲಿಲ್ಲ.

ಎಐ ಇರುವಾಗ ಇದೆಲ್ಲ ಯಾಕೆ?

ಈ ಪ್ರಶ್ನೆಯನ್ನೂ ಎದುರಿಸಬೇಕು. ಎಐಗೆ ಹೇಳಿದರೆ ಐದು ನಿಮಿಷದಲ್ಲಿ ಒಂದು ಶೆಲ್ ಬರೆದುಕೊಡುತ್ತದೆ, ನಿಜ. ನಾನೂ ಅರ್ಥವಾಗದ ಕಡೆ ಅದನ್ನು ಕೇಳಿದ್ದೇನೆ. ಆದರೆ ಒಂದು ವಿಷಯ ಗಮನಿಸಿ. ಇವತ್ತು ಎಐ ನಮಗೆ ಕೊಡುತ್ತಿರುವುದರಲ್ಲಿ ದೊಡ್ಡ ಪಾಲು ಶೆಲ್ ಆದೇಶಗಳೇ. ಹುಡುಗರು ಅವುಗಳನ್ನು ನಕಲು ಮಾಡಿ ಅಂಟಿಸಿ ಎಂಟರ್ ಒತ್ತುತ್ತಾರೆ. ಕೆಲವು ಎಐಗಳು ತಾವೇ ಎಂಟರ್ ಒತ್ತುತ್ತವೆ. ಆದೇಶ ಬರೆಯುವವನು ಯಂತ್ರವಾದಷ್ಟೂ, ಅದನ್ನು ಓದಿ ‘ತಡಿ’ ಎನ್ನಬಲ್ಲ ಮನುಷ್ಯನ ಅಗತ್ಯ ಹೆಚ್ಚುತ್ತದೆ. ಮೊದಲು ಯೋಜನೆ ತೋರಿಸಿ ನಂತರ ಮಾಡುವ ಶೆಲ್‌ನ ಅಗತ್ಯವೂ ಹೆಚ್ಚುತ್ತದೆ. ಬರೆದುಕೊಡುವ ಯಂತ್ರ ಬಂತೆಂದು ಓದುವುದನ್ನು ಬಿಟ್ಟರೆ ಕೊನೆಗೆ ಸಹಿ ಹಾಕುವ ಹೆಬ್ಬೆಟ್ಟಷ್ಟೇ ನಮ್ಮದಾಗುತ್ತದೆ.

ಎಐ ಬರುವ ಮೊದಲೂ ನಮ್ಮ ಸ್ಥಿತಿ ಉತ್ತಮವಾಗೇನೂ ಇರಲಿಲ್ಲ. ಮಿನಿ ಪ್ರಾಜೆಕ್ಟ್ ಎಂದರೆ ಲೈಬ್ರರಿ ಮ್ಯಾನೇಜ್‌ಮೆಂಟ್ ಅಥವಾ ಹೋಟೆಲ್ ಮ್ಯಾನೇಜ್‌ಮೆಂಟ್. ಹಿಂದಿನ ಬ್ಯಾಚ್‌ನವರದ್ದೇ, ಬಣ್ಣ ಬೇರೆ. ಫೈನಲ್ ಇಯರ್ ಪ್ರಾಜೆಕ್ಟನ್ನು ರಿಪೋರ್ಟ್ ಸಮೇತ ಮಾರುವ ಅಂಗಡಿಗಳಿವೆ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಪ್ರಾಜೆಕ್ಟ್ ಕೊಳ್ಳಲೂ ಹಣ ಕಳಿಸುತ್ತಾರೆ. ಇದರಲ್ಲಿ ನಷ್ಟ ಯಾರಿಗೆ? ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗನಿಗೆ ಹೆಸರು, ನಂಟು, ಕ್ಯಾಂಪಸ್ ಸಂದರ್ಶನ ಎಲ್ಲವೂ ಇರುತ್ತದೆ. ನಮ್ಮಂಥ ಊರಿನಿಂದ ಹೋದವರಿಗೆ ‘ಇದನ್ನು ನಾನು ಮಾಡಿದೆ’ ಎಂದು ತೋರಿಸಲು ಇರುವುದು ನಮ್ಮ ಕೈಕೆಲಸವೊಂದೇ. ಅದನ್ನೂ ಕೊಂಡು ತಂದರೆ ಉಳಿಯುವುದೇನು?

ಏನು ಮಾಡಬಹುದು?

ಕಾಲೇಜುಗಳಿಗೆ ನನ್ನ ಕೋರಿಕೆ ದೊಡ್ಡದಲ್ಲ. ಲ್ಯಾಬ್‌ನ ಹತ್ತು-ಹನ್ನೆರಡು ಬಿಡಿ ಪ್ರೋಗ್ರಾಮ್‌ಗಳ ಬದಲು ಒಂದು ಸೆಮಿಸ್ಟರ್‌ನಲ್ಲಿ ಒಂದೇ ಉಪಕರಣವನ್ನು ವಾರವಾರ ಬೆಳೆಸುವಂತೆ ಕೊಡಿ. ಮೊದಲ ವಾರ ಒಂದು ಆದೇಶ ನಡೆಸುವ ಶೆಲ್, ಎರಡನೇ ವಾರ ಪೈಪ್, ಮೂರನೇ ವಾರ ಫೈಲಿಗೆ ಬರೆಯುವುದು, ಹೀಗೆ. ವೈವಾದಲ್ಲಿ ವ್ಯಾಖ್ಯೆ ಕೇಳುವ ಬದಲು ‘ಈ ಸಾಲನ್ನು ಬದಲಿಸಿ ತೋರಿಸು’ ಎನ್ನಿ. ಕೊಂಡು ತಂದವರು, ಎಐನಿಂದ ಇಳಿಸಿಕೊಂಡವರು, ತಾವೇ ಬರೆದವರು ಎಲ್ಲರೂ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಾರೆ. ಸಿ, ಜಾವಾ, ಪೈಥಾನ್ ಜೊತೆಗೆ ಒಂದು ಫಂಕ್ಷನಲ್ ಭಾಷೆಯ ರುಚಿಯನ್ನಾದರೂ ತೋರಿಸಿ. ಪೈಥಾನ್‌ನಲ್ಲಿ ನಾವು ಅರ್ಥವಾಗದೆ ಬರೆಯುವ ಲ್ಯಾಮ್ಡಾ ಎಲ್ಲಿಂದ ಬಂತು ಎಂಬುದು ಆಗ ತಿಳಿದೀತು.

ಗೆಳೆಯರಿಗೆ ಹೇಳುವುದಾದರೆ, ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್, ಲಿನಕ್ಸ್ ಪುಕ್ಕಟೆ, ಕಂಪೈಲರ್ ಪುಕ್ಕಟೆ. ಮೊದಲ ದಿನ ಐವತ್ತು ಸಾಲಿನ ಶೆಲ್ ಬರೆಯಿರಿ. ಅದು ದಿನಾಂಕ ತೋರಿಸುವ ಆದೇಶವೊಂದನ್ನು ನಡೆಸಿದರೂ ಸಾಕು, ಆ ಕಪ್ಪು ಪರದೆಯ ಭಯ ಹೋಗುತ್ತದೆ. ನಂತರ ನಿಮ್ಮ ಮನೆಯದ್ದೇ ಒಂದು ಲೆಕ್ಕ ಹುಡುಕಿ: ಮಗ್ಗದ ಕೂಲಿಯ ಡೈರಿ, ಹಾಲಿನ ಡೇರಿಯ ಪುಸ್ತಕ, ಸ್ವಸಹಾಯ ಸಂಘದ ಉಳಿತಾಯ. ಅದನ್ನು ನಿಮ್ಮ ಉಪಕರಣದಿಂದ ಓದಿಸಿ, ಮನೆಯವರಿಗೆ ತೋರಿಸಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಸಂದರ್ಶನದಲ್ಲಿ ಯಾರು ಏನು ಕೇಳುತ್ತಾರೋ ಗೊತ್ತಿಲ್ಲ, ನಿಮ್ಮ ಹತ್ತಿರ ಹೇಳಲು ನಿಮ್ಮದೇ ಆದದ್ದೊಂದು ಇರುತ್ತದೆ.

– ಬಿ.ಇ. ವಿದ್ಯಾರ್ಥಿ, ಮಹಾಲಿಂಗಪುರ